ಕಸೂತಿ ಮೆಷಿನ್ನಿನ ವೈರು ಕಿತ್ತ ದಿನ

ಲಗ್ಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕಸೂತಿ ಮೆಷಿನ್ ಇದೆ. ರವಿಕೆಯ ಬೆನ್ನಿಗೆ, ತೋಳಿಗೆ ಚಿತ್ತಾರ ಹಾಕಿಕೊಡುವುದು ನನ್ನ ಕಸುಬು. ಮೆಷಿನ್ ಹಳೆಯದು. ಇಡೀ ಚಿತ್ತಾರವನ್ನು ಒಂದೇ ಸಲ ನುಂಗುವ ಶಕ್ತಿ ಅದಕ್ಕಿಲ್ಲ. ಪಕ್ಕದ ಕಂಪ್ಯೂಟರಿನಿಂದ ನೀಲಿ ವೈರಿನ ಮೂಲಕ ತುತ್ತು ತುತ್ತಾಗಿ ತಿನ್ನಿಸಬೇಕು. ಆ ಕಂಪ್ಯೂಟರಿಗೂ ವಯಸ್ಸಾಗಿತ್ತು. ವಿಂಡೋಸ್ ಹೊತ್ತು ಏದುಸಿರು ಬಿಡುತ್ತಿದ್ದುದನ್ನು ನೋಡಲಾರದೆ ನನ್ನ ನಾದಿನಿ ವಿಂಡೋಸ್ ತೆಗೆದು ಅದಕ್ಕಿಂತ ಹಗುರವಾದ ಲಿನಕ್ಸ್ ಹಾಕಿಕೊಟ್ಟಿದ್ದಳು.

ಇದ್ದದ್ದು ಒಂದೇ ತಾಪತ್ರಯ. ವೈರು ಸಿಕ್ಕಿಸಿದರೆ ಇಂಟರ್ನೆಟ್ ಬರುತ್ತಿರಲಿಲ್ಲ. ವೈಫೈ ಗುರುತು ಪರದೆಯ ಮೂಲೆಯಲ್ಲಿ ತುಂಬಿಕೊಂಡೇ ಇರುತ್ತಿತ್ತು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ವೈರು ಕಿತ್ತ ತಕ್ಷಣ ಎಲ್ಲ ಸರಿ. ಇವೆರಡೂ ಒಂದೇ ಅಡುಗೆಮನೆಯಲ್ಲಿ ಹೊಂದದ ಓರಗಿತ್ತಿಯರು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಗಿರಾಕಿ ಫೋಟೊ ಕಳಿಸಿದರೆ ವೈರು ಕೀಳು, ಇಳಿಸಿಕೋ, ಮತ್ತೆ ಸಿಕ್ಕಿಸು. ಯಾರನ್ನಾದರೂ ಕೇಳೋಣವೆಂದರೆ ಇಷ್ಟೂ ಗೊತ್ತಿಲ್ಲವೇ ಎಂದಾರೆಂಬ ಬಿಗುಮಾನ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ನಾಲ್ಕು ವರ್ಷ ಹೀಗೇ ತಳ್ಳಿದೆ.

ಒಂದು ಬೆಳಿಗ್ಗೆ ಬಸವೇಶ್ವರನಗರದಿಂದ ಒಬ್ಬರು ಆಂಟಿ ಬಂದರು. ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚೀಲದಿಂದ ಅವರು ತೆಗೆದದ್ದು ತೀರಿಹೋದ ಅವರ ತಾಯಿಯ ಧಾರೆ ಸೀರೆಯ ತುಂಡು. ಮಡಿಕೆ ಮಡಿಕೆಯಲ್ಲೂ ಸೀಳಿದ್ದ ಸೀರೆಯಲ್ಲಿ ಸೆರಗಿನ ಅಷ್ಟು ಭಾಗ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಮೊಮ್ಮಗಳ, ಅಂದರೆ ಆಂಟಿಯ ಮಗಳ, ಮದುವೆಗೆ ಆ ಸೀರೆ ಉಡಿಸಬೇಕೆಂದು ಅಜ್ಜಿಯ ಆಸೆಯಿತ್ತಂತೆ. ಸೀರೆಯಂತೂ ಆಗದು, ರವಿಕೆಯಾದರೂ ಆಗಲಿ, ಬೆನ್ನಿಗೆ ಎದುರುಬದುರು ಎರಡು ಅನ್ನಪಕ್ಷಿ ಬರಲಿ ಎಂದರು.

"ಇನ್ನೊಂದು ತುಂಡಿಲ್ಲ ಕಣಮ್ಮ. ನೀವು ಹಾಕಿ, ನಾನು ಇಲ್ಲೇ ಕೂತಿರ್ತೀನಿ" ಎಂದರು.

ಕಾವಲಿಗೆ ಕೂತವರ ಮುಂದೆ ಕೆಲಸ ಮಾಡುವುದೆಂದರೆ ನನಗೆ ಮೈಯುರಿ. ಆದರೂ ನಗುತ್ತಾ ಕಾಫಿ ಕೊಟ್ಟು, ತುಂಡನ್ನು ಚೌಕಟ್ಟಿಗೆ ಬಿಗಿದು, ಮೆಷಿನ್ ಶುರು ಮಾಡಿದೆ. ಮೊದಲ ಹಕ್ಕಿ ಚೆನ್ನಾಗಿ ಬಂತು. ಎರಡನೆಯದರ ಕತ್ತು ಏರುತ್ತಿತ್ತು. ಆಗ ಆಂಟಿ, ಕೊಕ್ಕಿನ ಬಣ್ಣಕ್ಕೆ ಮಗಳು ಒಂದು ಫೋಟೊ ಮೇಲ್ ಮಾಡಿದ್ದಾಳೆ, ಫೋನಿನಲ್ಲಿ ಬಣ್ಣ ಸರಿಯಾಗಿ ತಿಳಿಯುತ್ತಿಲ್ಲ, ದೊಡ್ಡ ಪರದೆಯಲ್ಲಿ ನೋಡಬಹುದೇ ಎಂದು ಕೇಳಿದರು.

"ಅದಕ್ಕೇನಂತೆ ಆಂಟಿ, ಈಗಲೇ ನೋಡೋಣ" ಎಂದೆ. ಹಾಗೆನ್ನುತ್ತಲೇ ನನ್ನ ಕೈ ಹೋಗಿ ವೈರು ಕಿತ್ತಿತು.

ಮೆಷಿನ್ ಹತ್ತಿಪ್ಪತ್ತು ಹೊಲಿಗೆ ಹಾಕಿ ನಿಂತುಬಿಟ್ಟಿತು. ಓಡುವ ಮೆಷಿನ್ನಿನ ವೈರು ಮುಟ್ಟಬಾರದೆಂದು ಮನೆಯವರಿಗೆಲ್ಲ ಬೈದು ಬೈದು ಕಲಿಸಿದವಳೇ ನಾನು. ಮತ್ತೆ ಸಿಕ್ಕಿಸಿದರೆ ಮೆಷಿನ್ ಮೊದಲಿನಿಂದ ಶುರು ಮಾಡುತ್ತೇನೆ ಎಂದು ಕುಳಿತಿತು. ಹಾಗೆ ಬಿಟ್ಟರೆ ಆಗಿರುವ ಹಕ್ಕಿಯ ಮೇಲೆಯೇ ಹೊಲಿದು, ಆ ಹಳೇ ರೇಷ್ಮೆ ಚಿಂದಿಯಾಗುತ್ತಿತ್ತು.

ಪೀಣ್ಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಹುಬ್ಬಳ್ಳಿಯಲ್ಲಿದ್ದರು.

"ಅಕ್ಕ, ಚೌಕಟ್ಟು ಅಲ್ಲಾಡಿಸ್ಬೇಡಿ. ವೈರ್ ಹಾಕಿರಿ, ನಾನು ನೆಟ್ ಮೇಲೆ ನಿಮ್ಮ ಕಂಪ್ಯೂಟರ್ ಒಳಗೆ ಬಂದು ಮೆಷಿನ್ನ ನಿಂತಿರೋ ಹೊಲಿಗೆಗೆ ಕೂರಿಸ್ತೀನಿ."

"ವೈರ್ ಹಾಕಿದ್ರೆ ನೆಟ್ ಎಲ್ಲಿಂದ ಬರುತ್ತೆ? ನಾಲ್ಕು ವರ್ಷದಿಂದ ಬಂದಿಲ್ಲ, ಇವತ್ತು ಬರುತ್ತಾ?" ಎಂದು ಅವರ ಮೇಲೆಯೇ ಹಾರಾಡಿದೆ. ತಪ್ಪು ನನ್ನದು, ಬೈಗುಳ ಅವರಿಗೆ.

ಆಂಟಿ ಕಾಫಿ ಲೋಟ ಕೆಳಗಿಟ್ಟರು. "ವೈರ್ ಇದ್ರೆ ನೆಟ್ ಬರಲ್ವಾ? ನಾನು ನೋಡ್ಲಾ?" ಎಂದು ಕೇಳಿದರು. ಬೇಡ ಎನ್ನುವ ಮುಖ ನನಗೆ ಉಳಿದಿರಲಿಲ್ಲ. ಕುರ್ಚಿ ಬಿಟ್ಟುಕೊಟ್ಟೆ.

ಅವರು ನೆಟ್‌ವರ್ಕ್ ಸೆಟ್ಟಿಂಗ್ ತೆರೆದು, ಕನ್ನಡಕ ಸರಿಮಾಡಿಕೊಂಡು ಓದಿದರು. "ನೋಡಿ, ಕಂಪ್ಯೂಟರ್‌ಗೆ ಈಗ ಎರಡು ಬಾಗಿಲು, ವೈರ್ ಒಂದು, ವೈಫೈ ಒಂದು. ವೈರಿನ ಬಾಗಿಲು ತೆರೆದಿದ್ರೆ ಅದಕ್ಕೆ ಅದೇ ಹೆಚ್ಚು. ಹೊರಗಡೆ ಹೋಗೋದನ್ನೆಲ್ಲ ಅಲ್ಲಿಂದಾನೇ ಕಳಿಸುತ್ತೆ. ಆ ಬಾಗಿಲಾಚೆ ನಿಮ್ಮ ಮೆಷಿನ್ ಬಿಟ್ರೆ ಇನ್ನೇನಿದೆ?"

"ಏನೂ ಇಲ್ಲ."

"ಮತ್ತೆ? ವೈರಿನ ಬಾಗಿಲು ಮೆಷಿನ್‌ಗೆ ಮಾತ್ರ, ಮಿಕ್ಕಿದ್ದಕ್ಕೆಲ್ಲ ವೈಫೈ ಅಂತ ಹೇಳಿಬಿಟ್ರೆ ಆಯ್ತು."

ವೈರಿನ ಸಂಪರ್ಕದ ಒಳಗೆ, ನಾನು ಎಂದೂ ಇಣುಕದ ಹಾಳೆಯ ಕೊನೆಯಲ್ಲಿ, ಅದನ್ನೇ ಹೇಳುವ ಒಂದು ಚಿಕ್ಕ ಚೌಕವಿತ್ತು. ಆಂಟಿ ಅದಕ್ಕೆ ಟಿಕ್ ಹಾಕಿ, ಸಂಪರ್ಕವನ್ನು ಒಮ್ಮೆ ಆರಿಸಿ ಹಚ್ಚಿದರು. ವೈರು ಸಿಕ್ಕಿಸಿದ ಹಾಗೆಯೇ ಇತ್ತು, ಮಗಳ ಫೋಟೊ ಪರದೆಯ ಮೇಲೆ ಬಂತು. ನಾಲ್ಕು ವರ್ಷದ ನನ್ನ ಓರಗಿತ್ತಿಯರ ಜಗಳ ಎರಡು ನಿಮಿಷದಲ್ಲಿ ಮುಗಿದಿತ್ತು.

ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಒಳಗೆ ಬಂದರು. ಬಾಣದ ಗುರುತು ತಾನಾಗಿ ಓಡಾಡಿತು. ಒಂದೊಂದೇ ಹೊಲಿಗೆ ಹಿಂದಕ್ಕೆ ಎಣಿಸುತ್ತಾ, ಸೂಜಿ ಎಲ್ಲಿದೆಯೆಂದು ಫೋನಿನಲ್ಲಿ ಕೇಳುತ್ತಾ ಹೋದರು. ನಾನು ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ ಹೇಳುತ್ತಿದ್ದೆ. ಕೊನೆಗೆ ಸೂಜಿ ಇಳಿದದ್ದು ನಿಂತುಹೋಗಿದ್ದ ಹೊಲಿಗೆಯ ತೂತಿಗೇ. ಮೆಷಿನ್ ಹೊರಟಿತು. ಕತ್ತು ಪೂರ್ತಿಯಾಯಿತು, ತಲೆ ಬಂತು, ಫೋಟೊ ನೋಡಿ ಆರಿಸಿದ ಕೆಂಪಿನಲ್ಲಿ ಕೊಕ್ಕು ಬಂತು. ಕೂಡಿಸಿದ ಜಾಗ ಎಲ್ಲಿದೆಯೆಂದು ಹುಡುಕಿದರೆ ನನಗೇ ಸಿಗಲಿಲ್ಲ. ಹೋದ ಜೀವ ಬಂದಂತಾಯಿತು.

ಚೌಕಟ್ಟು ಬಿಚ್ಚಿ ತುಂಡನ್ನು ಆಂಟಿಯ ಕೈಗೆ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡರು. ಆಗ ನೋಡಿದೆ, ಅವರ ಕೈ ಬಟ್ಟೆಯ ಸಮೇತ ಗಡಗಡ ನಡುಗುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಮೌಸಿನ ಮೇಲೆ ಒಂದಿಷ್ಟೂ ತಪ್ಪದೆ ಓಡಿದ್ದ ಕೈ ಅದು.

"ತಪ್ಪಾಯ್ತು ಆಂಟಿ. ನೀವು ನನ್ನ ಬೈಬೇಕಿತ್ತು" ಎಂದೆ.

"ಬೈಯೋಣ ಅಂತ ನಾಲಿಗೆ ತುದಿವರೆಗೂ ಬಂದಿತ್ತು ಕಣಮ್ಮ" ಎಂದು ಅವರು ತುಂಡನ್ನು ಮಡಿಲಿಗೆ ಹಾಕಿಕೊಂಡರು. "ಆದ್ರೆ ಬೈದಿದ್ರೆ ನಿಮ್ಮ ಕೈ ನಡುಗ್ತಿತ್ತು. ನಮ್ಮಮ್ಮನ ಸೀರೆ ನಿಮ್ಮ ಕೈಲಿತ್ತಲ್ಲ."