ಹ್ಯಾಂಡಲ್ ಹಿಡಿಯಲು ಕಲಿಸಿದ ಬೀಗರು

ನಮ್ಮ ಬೀಗರ ಕೈಗೆ ಎರಡು ಬಣ್ಣ. ಬೆರಳುಗಳು ಬಿಸಿಲಿಗೆ ಸುಟ್ಟು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಗೆಣ್ಣಿನಿಂದ ಮಣಿಕಟ್ಟಿನವರೆಗೆ ಮಾತ್ರ ಬಿಳುಪು. ನನ್ನ ಮಗಳ ಸಂಬಂಧ ಮಾತಾಡಲು ಅವರು ಮೊದಲ ಸಲ ಕೋಟನೂರಿನ ನಮ್ಮ ಮನೆಗೆ ಬಂದಾಗ ಹೆಂಡತಿ ನನ್ನನ್ನು ಒಳಗೆ ಕರೆದು, "ಅವ್ರ ಕೈ ನೋಡೀರೇನು? ಏನರೆ ಬ್ಯಾನಿ ಇದ್ದೀತು, ಕೇಳ್ರಿ" ಎಂದು ಪಿಸುಗುಟ್ಟಿದಳು. ಹೇಗೆ ಕೇಳುವುದು? ನನ್ನ ಕಣ್ಣು ಎಲ್ಲಿದೆ ಎಂಬುದನ್ನು ಅವರೇ ಕಂಡು ನಕ್ಕರು. "ಸೈಕಲ್ ಹೊಡೀತೀನ್ರಿ. ಅರ್ಧ ಬೆರಳಿನ ಗ್ಲೋಸ್ ಹಾಕ್ತೀನಿ, ಅದರ ಗುರ್ತು."

ನೆಹರು ಗಂಜಿನ ಸಗಟು ಪೇಟೆಯಲ್ಲಿ ಅವರದು ತೊಗರಿಬೇಳೆ ವ್ಯಾಪಾರ. ಹಣೆಗೆ ವಿಭೂತಿ, ತಲೆಗೆ ಹೆಲ್ಮೆಟ್, ಹೊಟ್ಟೆಯ ಮೇಲೆ ಬಿಗಿದ ಹಳದಿ ಅಂಗಿ. ಪ್ರತಿ ರವಿವಾರ ಕಮಲಾಪುರಕ್ಕೆ ಹೋಗಿಬರುತ್ತಿದ್ದರು. ಹಮಾಲರು, "ಸಾವಕಾರ್ರ, ಕಾರ್ ಮಾರಿದ್ರೇನ್ರಿ?" ಎಂದು ಕಿಚಾಯಿಸಿದರೆ, "ಕಾರಿನಾಗ ಕುಂತ್ರ ಹೊಟ್ಟಿ ಕರಗಂಗಿಲ್ಲಪಾ. ಹಂಗ ನೋಡಿದ್ರ ಸೈಕಲ್ಲಿಗೂ ಕರಗಿಲ್ಲ" ಎನ್ನುತ್ತಿದ್ದರು.

ಮಗಳ ಮದುವೆಯಾದ ಮರುವರ್ಷ ನನಗೆ ಸಕ್ಕರೆ ಕಾಯಿಲೆ ಬಂತು. ಬೀಗರು ತಮ್ಮ ಹಳೆಯ ಸೈಕಲ್ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಟಗರಿನ ಕೊಂಬಿನ ಹಾಗೆ ಮುಂದೆ ಬಂದು ಕೆಳಗೆ ಬಾಗಿದ ಹ್ಯಾಂಡಲ್. ಕೆಲವೇ ವಾರಗಳಲ್ಲಿ ನನ್ನ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯತೊಡಗಿದವು. ನಾನು ಶಾಲೆಯ ಚಿತ್ರಕಲಾ ಮಾಸ್ತರ. ಒಂದು ಸೋಮವಾರ ಹಲಗೆಯ ಮೇಲೆ ನವಿಲು ಬರೆಯುವಾಗ ಬಳಪ ಕೈಯಿಂದ ಜಾರಿ ಬಿತ್ತು. ಮಕ್ಕಳು ನಕ್ಕರು, ನನಗೆ ನಗು ಬರಲಿಲ್ಲ. ಕೈಯೇ ಹೋದರೆ ನನ್ನ ಹತ್ತಿರ ಮತ್ತೇನಿದೆ? ಸೈಕಲ್ ಒಯ್ಯಿರೆಂದು ಬೀಗರಿಗೆ ಹೇಳಿಕಳಿಸಿದೆ.

ಬಂದರು, ಆದರೆ ಸೈಕಲ್ ಒಯ್ಯುವ ಮಾತೆತ್ತಲಿಲ್ಲ. "ಕೈ ಎಲ್ಲಿಡ್ತೀರಿ, ತೋರಿಸ್ರಿ."

ಹ್ಯಾಂಡಲ್ಲಿನ ಮೇಲಿನ ನೇರ ಭಾಗವನ್ನು ಬಿಗಿಯಾಗಿ ಹಿಡಿದು ತೋರಿಸಿದೆ.

"ಹೋಗೂ ತನಕ, ಬರೂ ತನಕ ಇಲ್ಲೇ ಏನು?"

"ಹೌದ್ರಿ. ಬ್ಯಾರೆ ಕಡೆ ಹಿಡೀಲಾಕ ಅಂಜಿಕಿ."

"ಮತ್ತ ಜೋಮು ಹಿಡೀಲಾರದ ಏನ್ರಿ? ಒಂದೇ ಕಡೆ ಕುಂದ್ರಬ್ಯಾಡ ಅಂತ ಡಾಕ್ಟರ್ ನಿಮಗ ಹೇಳ್ಯಾರಲ್ಲ, ಕೈಗೂ ಅದೇ ಔಷಧ."

ಊಟದ ಕುರ್ಚಿಯೊಂದನ್ನು ಎಳೆದುಕೊಂಡು ಅದರ ಬೆನ್ನನ್ನೇ ಹ್ಯಾಂಡಲ್ ಮಾಡಿಕೊಂಡರು. ನನಗೂ ಒಂದು ಕುರ್ಚಿ. ಮೇಲಿನ ಹಿಡಿತ ಮಾತಾಡುತ್ತ ಹೋಗಲು, ಮುಂದೆ ಬ್ರೇಕಿನ ರಬ್ಬರಿನ ಮೇಲಿನ ಹಿಡಿತ ದಾರಿ ಸವೆಸಲು, ಕೆಳಗಿನ ಬಾಗು ಇಳಿಜಾರಿಗೆ ಮತ್ತು ಎದುರುಗಾಳಿಗೆ. ಮೊಳಕೈ ಸಡಿಲು, ಮುಷ್ಟಿ ಸಡಿಲು. ಚಹಾ ತಂದ ನನ್ನ ಹೆಂಡತಿ, ಇಬ್ಬರು ಬೀಗರು ಕುರ್ಚಿಗಳ ಮೇಲೆ ಬಗ್ಗಿ ನಿಂತಿದ್ದನ್ನು ಕಂಡು ಬಸಿಯೊಳಗೆ ಅರ್ಧ ಚಹಾ ಚೆಲ್ಲಿಕೊಂಡು ನಕ್ಕಳು.

ಮುಂದಿನ ರವಿವಾರ ಕಮಲಾಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವರದು ಒಂದೇ ಕೂಗು: "ಜಾಗಾ ಬದಲಿ ಮಾಡ್ರಿ!" ಊರು ಹತ್ತಿರವಾಗುವಾಗ ಇಳಿಜಾರು ಬಂತು. ಸೈಕಲ್ ಓಡತೊಡಗಿತು, ನನ್ನ ಕೈಗಳು ಹೆದರಿ ಮತ್ತೆ ಮೇಲಿನ ಭಾಗಕ್ಕೇ ಅಂಟಿಕೊಂಡವು, ಬ್ರೇಕು ದೂರ ಉಳಿಯಿತು. ಅಷ್ಟರಲ್ಲಿ ಮುಂದೆ ಎಮ್ಮೆಗಳ ಹಿಂಡೊಂದು ಹೊಲದಿಂದ ರಸ್ತೆಗೆ ಹತ್ತಿತು.

"ಮಾಸ್ತರ, ಕೆಳಗ ಹಿಡೀರಿ! ಕೆಳಗ!" ಹಿಂದಿನಿಂದ ಅವರ ದನಿ.

ಅದು ಹೇಗೆ ಕೈ ಇಳಿಸಿದೆನೋ. ಬಾಗಿನಲ್ಲಿ ಅಂಗೈ ಕೂತಿತು, ಬೆರಳಿಗೆ ಬ್ರೇಕ್ ಪೂರ್ತಿ ಸಿಕ್ಕಿತು. ಕೊನೆಯ ಎಮ್ಮೆಯ ಬಾಲಕ್ಕೆ ಒಂದು ಮಾರು ದೂರದಲ್ಲಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಬೀಗರು ಏದುಸಿರು ಬಿಡುತ್ತ ಬಂದರು. "ಶಾಬಾಸ್! ನಾ ಅಂತೂ ಕೆಳಗ ಬಗ್ಗಂಗಿಲ್ರಿ, ಹೊಟ್ಟಿ ಬಿಡಂಗಿಲ್ಲ. ಅದಕ್ಕ ಮೊದಲಿಂದನೇ ಬ್ರೇಕ್ ಒತ್ಕೋತ ಬಂದೆ." ಗುರುಗಳಿಗೇ ಬಾರದ ಪಟ್ಟು! ಇಬ್ಬರೂ ರಸ್ತೆ ಬದಿಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬರಬರುತ್ತ ಜೋಮು ಬಿಟ್ಟಿತು. ಬಳಪ ಮತ್ತೆ ನನ್ನ ಮಾತು ಕೇಳಿತು. ಆಮೇಲೆ ಎಷ್ಟೋ ರವಿವಾರ, ಮುಂಜಾನೆ ಗಂಜಿನ ಅವರ ಮನೆ ಮುಂದೆ ನಾನು ಬೆಲ್ ಹೊಡೆದು ಕರೆಯುತ್ತಿದ್ದೆ, ಜೊತೆಯಾಗಿ ಸೈಕಲ್ ಹೊಡೆಯುತ್ತಿದ್ದೆವು.

ಹೋದ ಚಳಿಗಾಲ, ಮಧ್ಯಾಹ್ನ ಊಟ ಮಾಡಿ ಅಂಗಡಿಯ ಗಾದಿಗೆ ಒರಗಿದ ಬೀಗರು ಮತ್ತೆ ಏಳಲಿಲ್ಲ. ಆಮೇಲೆ ನಾನು ಸೈಕಲ್ ಹೊರಗೆ ತೆಗೆಯಲಿಲ್ಲ. ಹಾಗೇ ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಬೀಗಿತಿಯ ಫೋನ್ ಬಂತು.

"ಬೀಗರ, ನಾಳಿ ಹೋಗ್ರಿ ನೀವು. ರಿಂಗ್ ರೋಡ್ ಹಿಡೀಬ್ಯಾಡ್ರಿ, ನಮ್ಮ ಮನಿ ಮುಂದಿಂದನೇ ಹೋಗ್ರಿ. ಮುಂಜಾನಿ ಬೆಲ್ ಕೇಳದೆ ನನಗ ರವಿವಾರ ಅನಸವಲ್ದು."

ಹೋದೆ. ಗಂಜಿನ ತಿರುವಿನಲ್ಲಿ ಬೆಲ್ ಹೊಡೆದೆ. ಮನೆಯ ಮೇಲಿನ ಗ್ಯಾಲರಿಯಲ್ಲಿ ನಿಂತಿದ್ದ ಬೀಗಿತಿ ಸೆರಗಿನಿಂದ ಕಣ್ಣೊರೆಸಿಕೊಂಡು, ರಸ್ತೆಗೆಲ್ಲ ಕೇಳುವಂತೆ ಕೂಗಿದರು: "ಇನ್ನೊಮ್ಮೆ ಹೊಡೀರಿ!"