ಭಾವನ ಅಳತೆಯ ಮಾತ್ರೆ

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕಿತ್ತಾಡಿದ ಮೇಲೆ ಓರಗಿತ್ತಿಯರು ಒಡಹುಟ್ಟಿದವರಿಗಿಂತ ಹೆಚ್ಚೇ ಆಗಿಬಿಡುತ್ತಾರೆ. ಅವಳದು ಮೆಲುಮಾತು, ನನ್ನದು ಹರಕು ಬಾಯಿ. ಇಡೀ ಬೀದಿಗೆ ಗೊತ್ತಿರುವ ವಿಷಯ, ಮುಚ್ಚಿಡುವುದೇನು? ಅಕ್ಕ ಒಲೆಯ ಮೇಲೆ ಹಾಲಿಟ್ಟು ಮರೆತವಳಲ್ಲ, ಯಾರಿಗೂ ಎರಡು ಮಾತು ಹೆಚ್ಚಿಗೆ ಆಡಿದವಳಲ್ಲ. ಇಂಥ ಹೆಂಗಸು ನಮ್ಮ ಮನೆಯಲ್ಲಿ, ಪಟ್ಟಪಗಲಿನಲ್ಲಿ, ಸತ್ತವರಿಗೆ ಊಟ ಬಡಿಸಿದಳು. ಒಂದು ದಿನವಲ್ಲ, ತಿಂಗಳು ತುಂಬುವ ತನಕ.

ನಮ್ಮದು ಮರಗೆಲಸದ ಮನೆ. ಬೀದಿ ಬದಿಯ ಕೋಣೆ ಅಂಗಡಿ, ಅದರ ಹಿಂದೆ ಊಟದ ಕೋಣೆ, ಅದರ ಹಿಂದೆ ಅಡುಗೆಮನೆ. ಬಾಗಿಲು, ಕಿಟಕಿ, ಕಪಾಟು ಮಾಡುತ್ತಿದ್ದರು. ಭಾವ ಅಳೆಯುವುದು, ನನ್ನ ಗಂಡ ಕೊಯ್ಯುವುದು. ಭಾವನ ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲು. ಹಲಗೆಯ ಮೇಲೆ ಗೆರೆ ಎಳೆದು, ಅಳತೆ ಪಕ್ಕಾ ಎನ್ನಿಸಿದರೆ ಪಕ್ಕದಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದರು. ಸೊನ್ನೆ ಸುತ್ತಿದರೆ ಮುಗಿಯಿತು, ಮತ್ತೆ ಅಳೆಯುವಂತಿಲ್ಲ, ಕೇಳುವಂತಿಲ್ಲ. ನನ್ನ ಗಂಡ ಅಪ್ಪಿತಪ್ಪಿ ಟೇಪು ಹಿಡಿದರೆ, ನನ್ನ ಅಳತೆಯ ಮೇಲೆ ನಿನ್ನ ಅಳತೆಯೋ ಎಂದು ರೇಗುತ್ತಿದ್ದರು. ನನ್ನ ಗಂಡನೂ ಅಷ್ಟೇ, ಅಣ್ಣ ಹಗ್ಗ ತೋರಿಸಿ ಹಾವು ಎಂದರೆ ಹಾವೇ.

ಆ ಭಾವನಿಗೆ ಒಣಕೆಮ್ಮು ಹಿಡಿಯಿತು. ಶ್ವಾಸಕೋಶದಲ್ಲಿ ಗಾಯದ ಕಲೆಯಂಥದ್ದು ಬೆಳೆದು ಗಟ್ಟಿಯಾಗುತ್ತಿದೆ ಎಂದರು ಡಾಕ್ಟರು. ಆದ ಕಲೆ ಹೋಗುವುದಿಲ್ಲ, ಇನ್ನಷ್ಟು ಬೆಳೆಯುವುದನ್ನು ನಿಧಾನ ಮಾಡಲು ಮಾತ್ರೆ ಇದೆ ಎಂದರು. ಆ ಮಾತ್ರೆಗೆ ನೂರೆಂಟು ಕಟ್ಟಳೆ. ಮೊದಲ ವಾರ ಹೊತ್ತಿಗೊಂದು, ಆಮೇಲೆ ಎರಡು, ಆಮೇಲೆ ಮೂರು. ಊಟದ ನಡುವೆಯೇ ನುಂಗಬೇಕು, ಬರಿಹೊಟ್ಟೆಗೆ ಕೂಡದು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಸೇರಿಸಿ ನುಂಗಬಾರದು. ಬಿಸಿಲಿಗೆ ಮೈ ಒಡ್ಡಬಾರದು, ಚರ್ಮ ಸುಡುತ್ತದೆ. ಸಿಗರೇಟು ಬಿಡಬೇಕು. ಪಿತ್ತಜನಕಾಂಗ ಸರಿಯಿದೆಯೋ ಇಲ್ಲವೋ ಎಂದು ಆಗಾಗ ರಕ್ತ ಕೊಟ್ಟು ನೋಡಿಸಬೇಕು. ಭಾವ ನಕ್ಕು ಅಕ್ಕನಿಗೆ ಹೇಳಿದ್ದರು. “ದೊಡ್ಡ ಮೊಳೆ ಹೊಡೆಯೋಕೆ ಮುಂಚೆ ಸಣ್ಣ ತೂತು ಕೊರೀಬೇಕು, ಇಲ್ಲಾಂದ್ರೆ ಹಲಗೆ ಸೀಳುತ್ತೆ. ಡಾಕ್ಟ್ರಿಗೂ ಬಡಗಿ ಬುದ್ಧಿ ಇದೆ ಕಣೆ.”

ಅಕ್ಕನಿಗೆ ಓದು ಬಾರದು. ಅವಳಿಗಾಗಿ ಭಾವ ಡಬ್ಬಿಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಟ್ಟರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಮೂರು ಮೂರು ಗೆರೆ, ಪ್ರತಿ ಸಾಲಿನ ಪಕ್ಕ ಒಂದು ಸೊನ್ನೆ. ಆ ಸೊನ್ನೆ ಅಕ್ಕನ ಪಾಲಿಗೆ ತಟ್ಟೆ. ತಟ್ಟೆಗೆ ಬಡಿಸದೆ ಅವಳು ಮಾತ್ರೆ ತೆಗೆದವಳಲ್ಲ.

ಭಾವ ಕೆಲವು ವರ್ಷ ಹಾಗೇ ನಡೆದರು. ಅಗಲ ಅಂಚಿನ ಬಟ್ಟೆಟೋಪಿ, ಮಣಿಕಟ್ಟಿನ ತನಕ ತೋಳಿನ ಅಂಗಿ, ಮುಖಕ್ಕೂ ಕುತ್ತಿಗೆಗೂ ಬಿಸಿಲಿಗೆಂದು ಹಚ್ಚುವ ಬಿಳಿ ಕ್ರೀಮು. ಬೀದಿಯಲ್ಲಿ ಗೋಡೆಯ ನೆರಳು ಹಿಡಿದೇ ನಡೆಯುತ್ತಿದ್ದರು. ಅರ್ಧ ಉಂಡು ತಟ್ಟೆಯನ್ನು ಎಡಗೈಯಿಂದ ಮೆಲ್ಲಗೆ ಸರಿಸುತ್ತಿದ್ದರು. ಮಾತಿಗೆ ಉಸಿರು ಸಾಲದೆ ಹೋದಾಗ, ನೀರು ಬೇಕಾದರೆ ಮೇಜಿನ ಮೇಲೆ ಬೆರಳಗಂಟಿನಿಂದ ಎರಡು ಸಲ ತಟ್ಟುತ್ತಿದ್ದರು. ಅಡುಗೆಮನೆಯಿಂದ ಅಕ್ಕ “ಬಂದೆ ರೀ” ಎನ್ನುತ್ತಿದ್ದಳು. ಕೊನೆಗೊಂದು ಚಳಿಗಾಲದಲ್ಲಿ ಭಾವ ಹೋದರು.

ಅಕ್ಕ ಅಳಲಿಲ್ಲ. ಕಲ್ಲಾದರೂ ಬೆವರುತ್ತಿತ್ತೇನೋ, ಅವಳ ಕಣ್ಣು ಒದ್ದೆಯಾಗಲಿಲ್ಲ. ತೀರಿಕೊಂಡರು ಎಂಬ ಮಾತನ್ನೂ ಆಡಲಿಲ್ಲ. ಯಾರಾದರೂ ಕೇಳಿದರೆ “ಅವರು ಇಲ್ಲ” ಎನ್ನುತ್ತಿದ್ದಳು, ಪೇಟೆಗೆ ಹೋದವರ ಬಗ್ಗೆ ಹೇಳುವ ಹಾಗೆ. ಭಾವನ ತಟ್ಟೆಯನ್ನು ದಿನಾ ತೊಳೆದು ಮತ್ತೆ ತಟ್ಟೆಗಳ ಸಾಲಿಗೇ ನಿಲ್ಲಿಸುತ್ತಿದ್ದಳು. ಅವಳ ಊಟ ದಿನದಿನಕ್ಕೆ ಸೊರಗಿತು.

ಮುಂದಿನ ಬೇಸಿಗೆಯಲ್ಲಿ ಶುರುವಾಯಿತು. ಒಂದು ಮಧ್ಯಾಹ್ನ ನನ್ನ ಗಂಡ ಅರ್ಧ ಉಂಡು ತಟ್ಟೆಯನ್ನು ಎಡಗೈಯಿಂದ ಸರಿಸಿದರು. ಉಪ್ಪು ಹೆಚ್ಚಾಯಿತೇ ಎಂದು ಕೇಳಿದೆ. ಉಪ್ಪೋ ಸಪ್ಪೆಯೋ ನಾಲಿಗೆಗೇ ಗೊತ್ತಾಗುತ್ತಿಲ್ಲ ಎಂದರು. ಭಾವನೂ ಇದನ್ನೇ ಹೇಳುತ್ತಿದ್ದರು. ಅಕ್ಕ ಬಡಿಸುತ್ತಿದ್ದ ಸೌಟು ಕೈಯಲ್ಲೇ ನಿಂತಿತು.

ಆಮೇಲೆ ಒಂದೊಂದಾಗಿ ಬಂದವು. ಕಬ್ಬಿಣ ಕಚ್ಚಿದರೂ ಅರಗಿಸಿಕೊಳ್ಳುವ ಮನುಷ್ಯನಿಗೆ ವಾಕರಿಕೆ. ಹಲಗೆ ಇಳಿಸಿಕೊಳ್ಳಲು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದ ದಿನ ಕುತ್ತಿಗೆ, ಕೈ ಎಲ್ಲ ಕೆಂಡದ ಬಣ್ಣ. ಮರುದಿನ ಬೀದಿ ದಾಟುವಾಗ ನೋಡುತ್ತೇನೆ, ತಲೆಯ ಮೇಲೆ ಭಾವನ ಬಟ್ಟೆಟೋಪಿ, ಗೋಡೆಯ ನೆರಳು ಹಿಡಿದು ಮೆಲ್ಲಗೆ ಬರುತ್ತಿದ್ದಾರೆ. ಆ ನಡಿಗೆ ನನ್ನ ಗಂಡನದಲ್ಲ. ಎದುರು ಮನೆಯ ಮುದುಕಿ ಹೊಸಿಲ ಮೇಲೆ ಕೂತಿದ್ದವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ನನ್ನನ್ನು ಕರೆದು, ನಿನ್ನ ಗಂಡನಿಗೆ ಅವನ ಅಣ್ಣ ಮೆಟ್ಟಿಕೊಂಡಿದ್ದಾನೆ, ಹುಷಾರು ಎಂದಳು. ನಿಮಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಬೈದು ಬಂದೆ.

ಮನೆಯೊಳಗೆ ಬಂದರೆ ವಾಸನೆ. ಆ ಬಿಳಿ ಕ್ರೀಮಿನ ವಾಸನೆ. ಊಟದ ಕೋಣೆಯಲ್ಲಿ, ಬಾಗಿಲ ಪರದೆಯಲ್ಲಿ, ನನ್ನ ದಿಂಬಿನಲ್ಲಿ. ಏನು ಹಚ್ಚಿಕೊಂಡಿರಿ ಎಂದು ಕೇಳಿದರೆ ಏನೂ ಇಲ್ಲ ಎಂದರು. ಸತ್ತವರ ವಾಸನೆಯನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗುವುದು ಎಂದರೆ ಏನು ಎಂದು ಮಲಗಿದವರಿಗೇ ಗೊತ್ತು.

ನನಗೆ ಭಯವಾದಷ್ಟೂ ಅಕ್ಕ ಅರಳಿದಳು. ಅದೇ ಹೆಚ್ಚು ದಿಗಿಲಿನ ಸಂಗತಿ. ತಲೆ ಬಾಚಿಕೊಂಡು ಬರುತ್ತಿದ್ದಳು, ಅಡುಗೆ ಮಾಡುತ್ತ ಗುನುಗುತ್ತಿದ್ದಳು. ಸಾಲಿನಿಂದ ಭಾವನ ತಟ್ಟೆ ಇಳಿಯಿತು, ಮೆತ್ತಗೆ ಬೇಯಿಸಿ ಖಾರವಿಲ್ಲದೆ ಮಾಡಿದ್ದು ಅದಕ್ಕೆ ಬಿತ್ತು. ಅದನ್ನು ನನ್ನ ಗಂಡನ ಮುಂದಿಟ್ಟು ಅವಳು ಎದುರಿಗೆ ಕೂರುತ್ತಿದ್ದಳು. ಕಿಟಕಿಯ ಬಿಸಿಲು ಅವರ ಮೇಲೆ ಬೀಳದಂತೆ ಪರದೆ ಎಳೆಯುತ್ತಿದ್ದಳು. ಅವರು ಎರಡು ತುತ್ತು ತಿಂದು ಸರಿಸಿದರೆ ಇವಳು ತನ್ನ ತಟ್ಟೆಯನ್ನು ಪೂರ್ತಿ ಖಾಲಿ ಮಾಡುತ್ತಿದ್ದಳು. ಆಸ್ಪತ್ರೆಗೆ ಹೋಗೋಣ ಎಂದು ನಾನು ಗೋಗರೆದರೆ ನನ್ನ ಗಂಡ, ಬೇಸಿಗೆಯ ಪಿತ್ತ, ತಾನೇ ಇಳಿಯುತ್ತದೆ ಎನ್ನುತ್ತಿದ್ದರು. ಅಕ್ಕ ತಟ್ಟೆ ಎತ್ತಿಕೊಂಡು ತೊಳೆಯಲು ಹೋಗಿಬಿಡುತ್ತಿದ್ದಳು.

ತಿಂಗಳು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದೆ. ಊಟದ ಕೋಣೆಯಲ್ಲಿ ನನ್ನ ಗಂಡ ಒಬ್ಬರೇ, ಟೋಪಿಯನ್ನೂ ತೆಗೆಯದೆ ತಲೆ ತಗ್ಗಿಸಿ ಕೂತಿದ್ದರು. ಮಾತಾಡುವ ತ್ರಾಣವಿರಲಿಲ್ಲವೋ ಏನೋ, ಕೈ ಎತ್ತಿ ಬೆರಳಗಂಟಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದರು.

“ಬಂದೆ ರೀ,” ಎಂದಳು ಅಕ್ಕ.

ಅಕ್ಕ ತನ್ನ ಮೈದುನನನ್ನು ಅಪ್ಪಾ ಎಂದಲ್ಲದೆ ಬೇರೆ ಏನೂ ಕರೆದವಳಲ್ಲ. ‘ರೀ’ ಎನ್ನುವುದು ಹೆಂಡತಿ ಗಂಡನನ್ನು ಕರೆಯುವ ಮಾತು. ಆ ಮನೆಯಲ್ಲಿ ಆ ಮನುಷ್ಯನನ್ನು ಹಾಗೆ ಕರೆಯುವ ಹಕ್ಕು ಇದ್ದದ್ದು ನನಗೊಬ್ಬಳಿಗೆ. ನೀರಿನ ಲೋಟ ಹಿಡಿದು ಹೊರಟವಳ ತೋಳು ಹಿಡಿದು ನಿಲ್ಲಿಸಿದೆ. ಅವಳ ಮುಖದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣಿನ ಕಳೆಯಿತ್ತು.

“ಯಾರು ಬಂದಿದಾರೆ ಅಂದ್ಕೊಂಡಿದೀಯಕ್ಕಾ?” ಎಂದೆ. “ಒಳಗೆ ಕೂತಿರೋದು ನನ್ನ ಗಂಡ. ಅವರು ಉಳೀಬೇಕು ನಂಗೆ. ನಿಂಗೇನಾದ್ರೂ ಗೊತ್ತಿದ್ರೆ ಬಾಯಿ ಬಿಡು.”

ಅವಳು ಒಳಗೆ ನೋಡಿದಳು. ನಮ್ಮ ಸದ್ದಿಗೆ ನನ್ನ ಗಂಡ ತಲೆ ಎತ್ತಿದ್ದರು. ಟೋಪಿಯ ನೆರಳಿನಲ್ಲಿ ಕಣ್ಣಿನ ಬಿಳಿ ಭಾಗ ಬಿಳಿಯಾಗಿರಲಿಲ್ಲ, ಹಳದಿಯಾಗಿತ್ತು. ಭಾವನ ಕಣ್ಣು ಸಾಯುವ ದಿನವೂ ಹಳದಿಯಾಗಿರಲಿಲ್ಲ. ಅಕ್ಕ ಬಹಳ ಹೊತ್ತು ನೋಡಿದಳು. ಅವಳ ಮುಖದ ಕಳೆ ನನ್ನ ಕಣ್ಣೆದುರಿಗೇ ಇಳಿದು ಹೋಯಿತು.

“ಇವರು ಅವರಲ್ಲ,” ಎಂದಳು. “ಇದು ಮಾತ್ರೆ. ಅವರ ಮಾತ್ರೆ ನುಂಗ್ತಾ ಇದಾನೆ. ಕುತ್ತಿಗೆ ಸುಟ್ಟ ದಿನಾನೇ ನಂಗೆ ಅನುಮಾನ ಬಂತು. ಆದ್ರೆ ಎದುರಿಗೆ ಕೂತು ಊಟ ಮಾಡ್ತಿದ್ರಲ್ಲೇ... ಇನ್ನೊಂದು ದಿನ ಇರ್ಲಿ, ಇನ್ನೊಂದು ದಿನ ಇರ್ಲಿ ಅನ್ನಿಸ್ತಿತ್ತು.”

ನನಗೆ ಬಂದ ಸಿಟ್ಟಿಗೆ ಅವಳ ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಅಷ್ಟರಲ್ಲಿ ಅವಳೇ ಅಂಗಡಿಗೆ ಓಡಿ, ಕೆಲಸದ ಮೇಜಿನ ಖಾನೆಗಳನ್ನು ತಡಕಿ, ಉಳಿಗಳ ಹಿಂದಿನಿಂದ ಡಬ್ಬಿಯನ್ನು ತಂದಳು. ಕ್ರೀಮಿನ ಹಳೆಯ ಟ್ಯೂಬೂ ಅಲ್ಲೇ ಇತ್ತು.

ನನ್ನ ಗಂಡ ಒಪ್ಪಿಕೊಂಡರು. ಚಳಿಗಾಲದಿಂದ ಅವರಿಗೂ ಒಣಕೆಮ್ಮು. ಅಣ್ಣನ ಕಾಯಿಲೆಯೇ ಎಂಬ ಭಯಕ್ಕೆ ಯಾರಿಗೂ ಹೇಳದೆ, ಬೇಸಿಗೆ ಬರುತ್ತಲೇ, ಅಣ್ಣ ಹೋದಾಗ ತುಂಬಿದಂತೆಯೇ ಉಳಿದಿದ್ದ ಡಬ್ಬಿ ತೆಗೆದು, ಮೊದಲ ದಿನದಿಂದಲೇ ಹೊತ್ತಿಗೆ ಮೂರು ನುಂಗಿದ್ದಾರೆ. ನಾನು ನೋಡಿಬಿಡುತ್ತೇನೆಂದು ಅಂಗಡಿಯಲ್ಲೇ, ಊಟಕ್ಕೆ ಬರುವ ಮುಂಚೆ, ಬರಿಹೊಟ್ಟೆಗೆ. ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ ಎಂದು ನಾನು ಕೂಗಾಡಿದೆ.

“ಅಣ್ಣ ಸೊನ್ನೆ ಸುತ್ತಿದ್ದನಲ್ಲೇ,” ಎಂದರು. “ಸೊನ್ನೆ ಸುತ್ತಿದ ಮೇಲೆ ಕೇಳೋದೇನಿದೆ?”

ಅಕ್ಕ ಡಬ್ಬಿಯನ್ನು ಎದೆಗೊತ್ತಿಕೊಂಡು, ಅದು ಸೊನ್ನೆಯಲ್ಲಪ್ಪಾ, ತಟ್ಟೆ ಎಂದಳು. ಹೇಳಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಆಸ್ಪತ್ರೆಗೆ ಡಬ್ಬಿಯ ಸಮೇತ ಹೋದೆವು. ಪಿತ್ತಜನಕಾಂಗ ಊದಿಕೊಂಡಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಮಾತ್ರೆ ಕೆಟ್ಟದ್ದಲ್ಲ, ಆದರೆ ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗಬಾರದು, ರಕ್ತ ನೋಡದೆ ಶುರು ಮಾಡಲೇಬಾರದು ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಮಾತ್ರೆ ನಿಲ್ಲಿಸಿದ ಮೇಲೆ ಕಣ್ಣಿನ ಹಳದಿ ಮೆಲ್ಲಗೆ ಇಳಿಯಿತು. ಕೆಮ್ಮು ಇಳಿಯಲಿಲ್ಲ. ಸ್ಕ್ಯಾನ್ ಮಾಡಿಸಿದರೆ, ಶ್ವಾಸಕೋಶದ ಕೆಳಭಾಗದಲ್ಲಿ ಅದೇ ಕಲೆ, ಭಾವನಿಗಿದ್ದದ್ದೇ. ಇನ್ನೂ ಸಣ್ಣದಿತ್ತು. ರಕ್ತ ಪೂರ್ತಿ ಸರಿಹೋದ ಮೇಲೆ ಡಾಕ್ಟರು ಅದೇ ಮಾತ್ರೆಯನ್ನು ಹೊಸದಾಗಿ, ನನ್ನ ಗಂಡನ ಹೆಸರಿಗೆ ಬರೆದುಕೊಟ್ಟರು. ಹೊತ್ತಿಗೊಂದರಿಂದ ಶುರು, ಪಿತ್ತಜನಕಾಂಗಕ್ಕೆ ಒಮ್ಮೆ ಪೆಟ್ಟು ಬಿದ್ದಿರುವುದರಿಂದ ರಕ್ತಪರೀಕ್ಷೆ ಒಂದೂ ತಪ್ಪುವಂತಿಲ್ಲ, ಕಣ್ಣು ಮತ್ತೆ ಹಳದಿ ಎನ್ನಿಸಿದರೆ ಆ ಕ್ಷಣವೇ ಬರಬೇಕು ಎಂದರು.

ಔಷಧಿ ಕೊಡುವ ಕಿಟಕಿಯ ಮುಂದೆ ಅಕ್ಕ ನನ್ನ ಜೊತೆ ನಿಂತಿದ್ದಳು. ಹಳೆಯ ಡಬ್ಬಿಯನ್ನು ಅಲ್ಲೇ ಹಿಂದಿರುಗಿಸಬೇಕಿತ್ತು. ನಾನು ಕೈಚಾಚಿದರೂ ನನಗೆ ಕೊಡದೆ ಅವಳೇ ಕಿಟಕಿಯೊಳಗೆ ಇಟ್ಟಳು. ಪೆನ್ಸಿಲಿನ ಗೆರೆಗಳ ಮೇಲೆ ಅವಳ ಬೆರಳು ಇನ್ನೂ ಇತ್ತು. ಇದು ಯಾರದು ಎಂದು ಒಳಗಿನ ಹುಡುಗಿ ಕೇಳಿದಳು.

“ನಮ್ಮ ಯಜಮಾನ್ರದ್ದು,” ಎಂದಳು ಅಕ್ಕ. “ತೀರ್ಕೊಂಡ್ರು.”

ಬೆರಳು ತೆಗೆದಳು. ಹುಡುಗಿ ಡಬ್ಬಿಯನ್ನು ಒಳಗೆಳೆದುಕೊಂಡಳು. ಅಲ್ಲೇ, ಸಾಲಿನಲ್ಲಿ ನಿಂತಿದ್ದವರ ಎದುರಿಗೇ, ಅಕ್ಕ ಅತ್ತಳು. ಇಷ್ಟು ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಅವಳ ಮೇಲೆ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ, ನಾನೂ ಅವಳನ್ನು ಹಿಡಿದುಕೊಂಡು ಅತ್ತೆ.

ಮನೆಗೆ ಬಂದು ಅವಳು ಭಾವನ ತಟ್ಟೆಯನ್ನು ಒರೆಸಿ ಅಟ್ಟದ ಮೇಲಿಟ್ಟಳು. ಹಳೆಯ ಟೋಪಿಯನ್ನೂ ಅದರ ಜೊತೆಗೇ ಇಟ್ಟಳು, ಹೊಸದನ್ನು ನಾನು ತಂದಿದ್ದೆ. ಆಮೇಲೆ ಅಂಗಡಿಯಿಂದ ಆ ಮೊಂಡು ಪೆನ್ಸಿಲು ತಂದು ಹೊಸ ಡಬ್ಬಿಯ ಮೇಲೆ ಒಂದೊಂದೇ ಗೆರೆ ಎಳೆದಳು, ಪಕ್ಕದಲ್ಲಿ ಸೊನ್ನೆ ಸುತ್ತಿದಳು. ಸುತ್ತಿ, ಯೋಚಿಸಿ, ಸೊನ್ನೆಯೊಳಗೆ ಅನ್ನದ ಅಗುಳಿನಂತೆ ನಾಲ್ಕು ಚುಕ್ಕಿ ಇಟ್ಟಳು. ನನಗೆ ತೋರಿಸಿ, ಈಗ ಯಾರೂ ತಪ್ಪು ತಿಳಿಯುವುದಿಲ್ಲ ಅಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ.

ಊಟದ ಕೋಣೆಯಲ್ಲಿ ಮೇಜಿನ ಮೇಲೆ ಎರಡು ಸಲ ತಟ್ಟಿದ ಸದ್ದಾಯಿತು. ಅಕ್ಕ ಪೆನ್ಸಿಲು ಕೆಳಗಿಟ್ಟಳು. ನಾನು ಅವಳ ಬಾಯನ್ನೇ ನೋಡಿದೆ.

“ಬಂದೆ ಕಣಪ್ಪಾ,” ಎಂದು ಹೇಳಿ ಅವಳು ತಟ್ಟೆ ಎತ್ತಿಕೊಂಡಳು.