ಅರ್ಧ ಕಿಲೋ ಹಿಟ್ಟಿನ ಝುಣಕ

ಇವತ್ತು ಮುಂಜಾನೆ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂತು. ಎರಡು ಸಲ ಸೀನಿದೆ, ಮೂರನೆಯ ಸಲ ಸೀನುವ ಬದಲು ನಗು ಬಂತು. ಈ ವಯಸ್ಸಿನಲ್ಲಿ ಒಬ್ಬನೇ ಕುಳಿತು ನಗುವವನನ್ನು ಕಂಡರೆ ನೀವು ಏನೆಂದುಕೊಳ್ಳುತ್ತೀರೋ ನನಗೆ ಗೊತ್ತು. ತುಸು ತಡೆಯಿರಿ. ಮೆಣಸಿನಕಾಯಿಯ ಇದೇ ಘಾಟು ಒಮ್ಮೆ ಜರ್ಮನಿಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡವನ್ನು ಖಾಲಿ ಮಾಡಿಸಿದೆ. ಮಾಡಿಸಿದವಳು ನನ್ನ ಮೊಮ್ಮಗಳು! ನಿಪ್ಪಾಣಿಯ ಪೇಟೆಯಲ್ಲಿ ಈ ಕಥೆಯನ್ನು ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಈಗ ನನ್ನನ್ನು ದೂರದಿಂದ ಕಂಡರೇ ಅವರು ಬೇರೆ ಗಲ್ಲಿ ಹಿಡಿಯುತ್ತಾರೆ. ಅದಕ್ಕೇ ನಿಮ್ಮನ್ನು ಹಿಡಿದುಕೊಂಡಿದ್ದೇನೆ.

ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು. ತಂಬಾಕಿನ ವಖಾರಿಯಲ್ಲಿ ತೂಕದ ಕಾಟಾದ ಮುಂದೆ ಕುಳಿತು ಚೀಲ ತೂಗುತ್ತಲೇ ತಲೆ ಬೆಳ್ಳಗಾಯಿತು. ಅಕ್ಷರ ನನ್ನ ಮಾತು ಅಷ್ಟಾಗಿ ಕೇಳುವುದಿಲ್ಲ, ತೂಕ ಕೇಳುತ್ತದೆ. ನಮ್ಮ ಮನೆಯಲ್ಲಿ ಕಲಿತವಳೆಂದರೆ ವೈಶಾಲಿ, ನನ್ನ ಮಗನ ಮಗಳು. ಮಣ್ಣಿನ ಬಗ್ಗೆ ಓದಲು ಜರ್ಮನಿಗೆ ಹೋಗುತ್ತೇನೆಂದು ಅವಳು ಹೊರಟಾಗ ನನ್ನ ಹೆಂಡತಿ ತನ್ನ ತವರನ್ನು ನೆನೆದು ಕೇಳಿದ್ದಳು: "ಯಾಕ, ನಮ್ಮ ಏಕಸಂಬ್ಯಾಗ ಮಣ್ಣ ಕಡಿಮಿ ಬಿದ್ದೈತೇನ?"

ಹೋಗಿ ಎರಡು ತಿಂಗಳಾಗಿರಬೇಕು. ಫೋನಿನಲ್ಲಿ ಹುಡುಗಿಯ ಮುಖ ಸಣ್ಣದಾಗಿತ್ತು.

"ಊಟಾ ಮಾಡಿಯೇನವ್ವಾ?" ಎಂದೆ.

"ಬ್ರೆಡ್ ತಿಂದೆ, ಅಜ್ಜ."

"ನಿನ್ನೆ?"

"ಬ್ರೆಡ್."

ಹಿಂದಿನಿಂದ ಹೆಂಡತಿ ಗಾಬರಿಯಾಗಿ ಬಂದಳು. "ಜ್ವರಾ ಬಂದಾವೇನ ಆಕಿಗೆ?" ನಮ್ಮ ಮನೆಯಲ್ಲಿ ಬ್ರೆಡ್ ಬರುವುದು ಯಾರಾದರೂ ಮಲಗಿದಾಗ ಮಾತ್ರ, ಅದೂ ಹಾಲಿನಲ್ಲಿ ಅದ್ದಿ.

ಜ್ವರ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು. "ಅಜ್ಜ, ಇಲ್ಲಿ ಯಾರೂ ನನ್ನ ಜೋಡಿ ಮಾತಾಡಂಗಿಲ್ಲ. ಎಲ್ಲಾರ ಬಾಗಿಲಾನೂ ಮುಚ್ಚೇ ಇರತಾವ. ನಾ ವಾಪಸ್ ಬಂದ ಬಿಡ್ತೀನಿ" ಎಂದಳು. ಅವಳಪ್ಪ ಸಿಟ್ಟಾದ, ಅವಳವ್ವ ಅತ್ತಳು. ನನಗೆ ಎರಡೂ ಬರಲಿಲ್ಲ. ಬರುವುದಾದರೆ ಬರಲಿ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು, ಸುಳ್ಳೇಕೆ? ಆದರೆ ಆ ಓದಿಗಾಗಿ ಎಷ್ಟು ವರ್ಷ ಹಂಬಲಿಸಿದ್ದಳೆಂಬುದನ್ನೂ ನೋಡಿದ್ದೆ.

ಹೆಂಡತಿ ಮಾತ್ರ, "ಮೊದಲ ಝುಣಕಾ ಮಾಡ್ಕೊಂಡ ತಿನ್ನು, ಆಮ್ಯಾಲ ವಿಚಾರ ಮಾಡು" ಎಂದಳು.

"ಹೆಂಗ ಮಾಡ್ಲಿ, ಆಯಿ?"

"ಕಡ್ಲಿ ಹಿಟ್ಟ ಬೇಕಾದಷ್ಟ, ಖಾರಾ ಕಾಣುವಷ್ಟ, ಉಪ್ಪ ಕೈಗೆ ಬಂದಷ್ಟ."

ಇಷ್ಟೇ ಪಾಠ. ಪರಿಣಾಮ ಮೇಲೆ ಹೇಳಿದೆನಲ್ಲ, ಅದೇ. ಒಗ್ಗರಣೆಯ ಹೊಗೆಗೆ ಛಾವಣಿಯಲ್ಲಿದ್ದ ಬೆಂಕಿಯ ಗಂಟೆ ಬಡಿದುಕೊಂಡಿತಂತೆ. ಕಟ್ಟಡದ ಮಂದಿಯೆಲ್ಲ ಕೋಟು ಹಾಕಿಕೊಂಡು ಥಂಡಿಯಲ್ಲಿ ಹೊರಗೆ ನಿಂತರಂತೆ. ಒಳಗೆ ಉಳಿದ ಝುಣಕ ಗೋಡೆಗೆ ಜಾಹೀರಾತು ಅಂಟಿಸಲು ಬರುವಂತಿತ್ತಂತೆ. "ಈಗ ಎಲ್ಲಾರೂ ನನ್ನ ಮ್ಯಾಲ ಸಿಟ್ಟಾಗ್ಯಾರ" ಎಂದು ಮತ್ತೂ ಅತ್ತಳು. "ಆಯಿ ಕೈಯಳತಿ ನನಗ ತಿಳಿಯಂಗಿಲ್ಲ, ಅಜ್ಜ. ಗ್ರಾಂ ಲೆಕ್ಕದಾಗ ಬೇಕು."

ಗ್ರಾಂ! ಎಷ್ಟು ವರ್ಷಗಳ ಮೇಲೆ ನನ್ನ ವಿದ್ಯೆಗೆ ಕರೆ ಬಂತು ನೋಡಿ. ಪೇಟೆಯ ಪತ್ತಾರನ ಹತ್ತಿರ ಬಂಗಾರ ತೂಗುವ ಸಣ್ಣ ತಕ್ಕಡಿ ಕೇಳಿ ತಂದು ಒಲೆಯ ಪಕ್ಕದಲ್ಲಿ ಕುಳಿತೆ. ಹೆಂಡತಿ ಉಪ್ಪು ತೆಗೆದರೆ ಅವಳ ಕೈ ಹಿಡಿಯುವುದು, ಬೆರಳ ಸಂದಿನಲ್ಲಿ ಉಳಿದದ್ದನ್ನೂ ಜಾಡಿಸಿಕೊಂಡು ತೂಗುವುದು. ಸಾಸಿವೆ, ಅರಿಶಿನ, ಖಾರ, ಬೆಳ್ಳುಳ್ಳಿ, ಒಂದನ್ನೂ ಬಿಡಲಿಲ್ಲ. ಹಿಟ್ಟು ಮಾತ್ರ ಆ ತಕ್ಕಡಿಗೆ ಹಿಡಿಸದೆ ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ತೂಗಿಸಿಕೊಂಡು ಬಂದೆ. ಸರಿಯಾಗಿ ಅರ್ಧ ಕಿಲೋ. ಅಷ್ಟರಲ್ಲಿ ಒಗ್ಗರಣೆ ಹೊತ್ತಿತ್ತು.

"ಇದೇನ ಝುಣಕಾನೋ, ಮೂಗಿನ ನತ್ತೋ?" ಹೆಂಡತಿ ಸೌಟು ಎತ್ತಿದಳು. "ಮದುವ್ಯಾದಾಗಿಂದ ಒಲಿ ಕಡೆ ತಿರುಗಿ ನೋಡದವ್ರು ಈಗ ಬಂದಾರ ನನ್ನ ಕೈ ತೂಗಾಕ! ಏಳ್ರಿ ಮ್ಯಾಲ!"

ಆ ದಿನದ ಝುಣಕವನ್ನು ಎಮ್ಮೆಯೂ ಮೂಸಿ ಬಿಟ್ಟಿತು. ಆದರೆ ಚೀಟಿ ತಯಾರಾಯಿತು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ಫೋಟೋ ತೆಗೆಸಿ ಕಳಿಸಿದೆ.

ಭಾನುವಾರ ಫೋನು ಬಂತು. ಪರದೆಯ ಮೇಲೆ ಮುಖವಿಲ್ಲ, ಬರೀ ಝುಣಕ. ಒಂದು ಪಾತ್ರೆ ತುಂಬಿ ಇನ್ನೊಂದಕ್ಕೆ ಸುರಿದು, ಅದೂ ತುಂಬಿತ್ತು.

"ಅಜ್ಜ! ಇದ ಒಬ್ಬಾಕಿ ಝುಣಕಾ ಅಲ್ಲ, ಮದುವಿ ಝುಣಕಾ!"

ಆಗ ತಿಳಿಯಿತು ನನ್ನ ತಪ್ಪು. ನಾವು ಮನೆಯಲ್ಲಿ ನಾಲ್ಕೇ ಜನ. ಆದರೆ ಹೆಂಡತಿಯ ಕೈಯಲ್ಲಿ ಹಾಲಿನವನಿಗೆ, ಅರಿವೆ ಒಗೆಯುವವಳಿಗೆ, ಹಾದಿಯಲ್ಲಿ ಹೋಗುವ ಬೀಗರಿಗೆ ಎಲ್ಲರಿಗೂ ಪಾಲಿರುತ್ತದೆ. ಉಳಿದೀತು ಎಂದು ದಿನಾ ಗೊಣಗುತ್ತಿದ್ದವನೂ ನಾನೇ. ಆದರೂ ಚೀಟಿ ಬರೆಯುವಾಗ ಹೊಳೆಯಲಿಲ್ಲ. ಕಾಟಾದ ಮುಂದೆ ಕುಳಿತವನು ಎಷ್ಟು ಎಂದು ಕೇಳುತ್ತಾನೆ, ಯಾರಿಗೆ ಎಂದು ಕೇಳುವುದಿಲ್ಲ.

ತಪ್ಪಾಯಿತೆಂದು ನಾನು ತೊದಲುವಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡಳು. "ಒಬ್ಬಾಕಿಗಂತ ಯಾರ ಅಡಗಿ ಮಾಡ್ತಾರ? ಹೋಗು, ಬಾಗಿಲಾ ಬಡಿ."

"ಯಾರ ಬಾಗಿಲಾ, ಆಯಿ?"

"ಯಾವದ ಮುಂದ ಕಾಣತೈತಿ ಅದು."

"ಅವ್ರೆಲ್ಲಾ ಅವತ್ತ ನನ್ನ ಸಲುವಾಗಿ ಥಂಡ್ಯಾಗ ನಿಂತಾರ. ಬೈದರ?"

"ಬೈದರ ಬೈಲಿ. ಬಾಯಿ ತೆರದಾಗ ಒಂದ ತುತ್ತ ಇಡು."

ವೈಶಾಲಿ ಫೋನನ್ನು ಅಡುಗೆ ಕಟ್ಟೆಯ ಮೇಲೆ ಬಿಟ್ಟು ಹೋದಳು. ನಾವಿಬ್ಬರೂ ಇಲ್ಲಿ ಕುಳಿತು ಅಲ್ಲಿನ ಖಾಲಿ ಛಾವಣಿ ನೋಡುತ್ತಿದ್ದೆವು. ದೂರದಲ್ಲಿ ಟಕಟಕ ಸದ್ದು. ಆಮೇಲೆ ಏನೂ ಇಲ್ಲ. ಹೆಂಡತಿ ನನ್ನ ಮೊಣಕೈ ಹಿಡಿದಿದ್ದಳು. ಒಮ್ಮೆಲೇ ಚಪ್ಪಲಿಗಳ ಸದ್ದು, ಕುರ್ಚಿ ಎಳೆಯುವ ಸದ್ದು, ತಿಳಿಯದ ಭಾಷೆ, ಅದರ ನಡುವೆ ನಮ್ಮ ಹುಡುಗಿಯ ನಗು. ವೈಶಾಲಿ ಫೋನು ಎತ್ತಿ ತೋರಿಸಿದಳು. ಒಂಬತ್ತು ಮುಖ! ಕೆಂಪು ಗಡ್ಡದವನೊಬ್ಬ ಬಾಯಿಗೆ ಗಾಳಿ ಹಾಕಿಕೊಳ್ಳುತ್ತ, ಕಣ್ಣೊರೆಸಿಕೊಳ್ಳುತ್ತ, ಮತ್ತೆ ತಟ್ಟೆ ಚಾಚುತ್ತಿದ್ದ.

"ಬ್ರೆಡ್ಡಿನ ಜೋಡಿ ತಿನ್ನಾಕತ್ತಾರ!" ಎಂದು ಹೆಂಡತಿ ಹಣೆ ಬಡಿದುಕೊಂಡಳು. ಅವಳ ಕಣ್ಣುಗಳೂ ಒದ್ದೆಯಾಗಿದ್ದವು. ನಮ್ಮ ಒಲೆಯ ಮೇಲೆ ಒಗ್ಗರಣೆಯಂತೂ ಇರಲಿಲ್ಲ.

ವಾಪಸ್ ಬರುವ ಮಾತು ಆ ದಿನ ಬರಲಿಲ್ಲ. ಮರುದಿನ ಬಂದದ್ದು ಪುಂಡಿಪಲ್ಯೆ ಹೇಗೆ ಮಾಡುವುದೆಂಬ ಮಾತು.

ಇವತ್ತು ಮುಂಜಾನೆಯ ಸುದ್ದಿ ಹೇಳುವುದು ಉಳಿಯಿತು. ಅವಳ ಕಟ್ಟಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಬರೀ ಬಿಸ್ಕೀಟು ತಿಂದು ಕೋಣೆಯಲ್ಲೇ ಕುಳಿತಿದ್ದಳಂತೆ. ವೈಶಾಲಿ ನನ್ನ ಚೀಟಿಯನ್ನು ಅವರ ಭಾಷೆಯಲ್ಲಿ ಬರೆದು ಕೊಟ್ಟಳಂತೆ. "ತೂಕಾ ತಿದ್ದಿ ಕೊಟ್ಟಿಯಿಲ್ಲೋ?" ಎಂದೆ. "ಒಂದ ಗ್ರಾಂನೂ ತಿದ್ದಿಲ್ಲ, ಅಜ್ಜ" ಎಂದಳು.

ಮಗ ಸೊಸೆ ಚಿಕ್ಕೋಡಿಗೆ ಹೋಗಿದ್ದಾರೆ. ಮನೆಯಲ್ಲಿ ಇಬ್ಬರೇ. ಆದರೂ ಒಲೆಯ ಮೇಲೆ ಅದೇ ಅರ್ಧ ಕಿಲೋ. ಗೊಣಗಲು ತೆರೆದ ಬಾಯಿ ಮುಚ್ಚಿ, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದು ನಿಂತೆ. ಗ್ಯಾಸ್ ಸಿಲಿಂಡರಿನವನು ಪಕ್ಕದ ಮನೆಯ ಮೆಟ್ಟಿಲು ಇಳಿಯುತ್ತಿದ್ದ.

"ಬಾರಪ್ಪಾ, ಊಟಾ ಮಾಡೋಣು."

"ಅರ್ಜಂಟ ಐತ್ರೀ ಅಜ್ಜಾರ."

"ಅರ್ಜಂಟ ಇದ್ದರ ಒಂದ ರೊಟ್ಟಿ ತಿನ್ನು. ಕೂತ ಉಂಡರ ಎರಡು."

ಅವನು ಇನ್ನೂ ಹೂಂ ಅಂದಿರಲಿಲ್ಲ. ಒಳಗೆ ಹೆಂಡತಿ ಆಗಲೇ ಮತ್ತೊಂದು ರೊಟ್ಟಿ ಬಡಿಯತೊಡಗಿದ್ದಳು.